ಹನ್ನೆರಡು ವೋಲ್ಟಿನ ಮನೆಗೆ ಎಷ್ಟು ದಪ್ಪದ ತಂತಿ?



ಸೌರ ವಿದ್ಯುತ್ತಿನ ಬಗ್ಗೆ ನಾವು ಪ್ರಸಾರ ಮಾಡಿದ ಮಾತುಕತೆಯಲ್ಲಿ ಪ್ಯಾನೆಲ್ ಬಗ್ಗೆ, ಬ್ಯಾಟರಿಯ ಬಗ್ಗೆ ಸಾಕಷ್ಟು ವಿವರ ಬಂತು. ಅವೆರಡರ ನಡುವೆ ಓಡುವ ತಂತಿಯ ಬಗ್ಗೆ ಮಾತ್ರ ಒಂದು ನಿಮಿಷದ ಮಾತೂ ಬರಲಿಲ್ಲ. ತಪ್ಪು ನನ್ನದೇ. ತಂತಿ ಪರದೆಯ ಮೇಲೆ ನೋಡಲು ಚೆನ್ನಾಗಿರುವುದಿಲ್ಲ ಎಂದುಕೊಂಡು ಸಂಕಲನದ ಹೊತ್ತಿನಲ್ಲಿ ಆ ಭಾಗವನ್ನು ಕತ್ತರಿಸಿದವನು ನಾನು. ಹಾಗೆ ಕತ್ತರಿಸಿದ್ದರಲ್ಲಿ ಇಡೀ ಚಿತ್ರೀಕರಣದ ಅತ್ಯಂತ ಸ್ವಾರಸ್ಯದ ಸಂಗತಿಯೇ ಹೋಯಿತು. ಅದನ್ನು ಇಲ್ಲಿ ಹೇಳುತ್ತೇನೆ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ.

ನಾವು ಹೋಗಿದ್ದು ಸಾಗರದ ಕಡೆಯ ಒಂದು ಅಡಿಕೆ ತೋಟದ ಮನೆಗೆ. ರಸ್ತೆಯಿಂದ ಇಳಿದು, ಹಳ್ಳ ದಾಟಿ, ಕಾಡಿನ ದಾರಿಯಲ್ಲಿ ನಡೆಯಬೇಕು. ಕರೆಂಟಿನ ಲೈನು ಅಲ್ಲಿಗೆ ಬಂದಿಲ್ಲ. ಮನೆಯ ಸುತ್ತ ತೋಟ, ತೋಟದ ಸುತ್ತ ಗುಡ್ಡ. ಮಾಡಿನ ಮೇಲೆ ಬಿಸಿಲು ಬೀಳುವುದೇ ಅಪರೂಪ. ಹೊತ್ತಾರೆಯಿಂದ ಮೂರು ಗಂಟೆಯವರೆಗೆ ಚೆನ್ನಾಗಿ ಬಿಸಿಲು ಸಿಗುವುದು ಅಡಿಕೆ ಒಣಗಿಸುವ ಅಂಗಳದಲ್ಲಿ ಮಾತ್ರ. ಆದ್ದರಿಂದ ನೂರು ವ್ಯಾಟಿನ ಪ್ಯಾನೆಲನ್ನು ಅಂಗಳದ ಅಂಚಿನಲ್ಲಿ ಒಂದು ಕಬ್ಬಿಣದ ಕಂಬದ ಮೇಲೆ ಕೂರಿಸಿದ್ದರು. ಅಲ್ಲಿಂದ ಮನೆಯ ಜಗಲಿಯಲ್ಲಿಟ್ಟ ಬ್ಯಾಟರಿಗೆ 25 ಮೀಟರ್ ದೂರ.

ಮನೆಯ ಹಿರಿಯರು ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಮೊದಲು ಹೇಳಿದ್ದೇ ದೂರು. "ಈ ಪ್ಯಾನೆಲ್ ಸರಿ ಇಲ್ಲ ಮಾರಾಯ್ರೆ. ನಾಲ್ಕು ವರ್ಷದಲ್ಲಿ ಎರಡು ಬ್ಯಾಟರಿ ನುಂಗಿತು. ಇದು ಮೂರನೆಯದ್ದು. ಇದೂ ರಾತ್ರಿ ಒಂಬತ್ತಕ್ಕೆ ಮಲಗ್ತದೆ." ಮೊಮ್ಮಗಳು ಎರಡನೇ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಪರೀಕ್ಷೆಗೆ ತಿಂಗಳು ಮಾತ್ರ ಉಳಿದಿತ್ತು. ಒಂಬತ್ತರ ಮೇಲೆ ಅವಳು ಓದುತ್ತಿದ್ದದ್ದು ಟಾರ್ಚಿನ ಬೆಳಕಿನಲ್ಲಿ.

ಕಂಬದ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಚಾರ್ಜ್ ಕಂಟ್ರೋಲರ್, ಅಂದರೆ ಬ್ಯಾಟರಿಗೆ ಎಷ್ಟು ವಿದ್ಯುತ್ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವ ಉಪಕರಣ. ಮಧ್ಯಾಹ್ನ ಹನ್ನೆರಡೂವರೆಗೆ ನಾವು ನೋಡಿದಾಗ ಅದರ ಹಸಿರು ದೀಪ ಉರಿಯುತ್ತಿತ್ತು. ಹಸಿರು ಎಂದರೆ ಬ್ಯಾಟರಿ ತುಂಬಿತು ಎಂದರ್ಥ. ಮಧ್ಯಾಹ್ನಕ್ಕೇ ತುಂಬಿದ ಬ್ಯಾಟರಿ ರಾತ್ರಿ ಒಂಬತ್ತಕ್ಕೆ ಖಾಲಿಯಾಗುವುದು ಹೇಗೆ? ಮನೆಯಲ್ಲಿ ಉರಿಯುತ್ತಿದ್ದದ್ದು ಐದು ವ್ಯಾಟಿನ ಮೂರು ಎಲ್‌ಇಡಿ ದೀಪ, ಅಷ್ಟೆ.

ನಮ್ಮ ಧ್ವನಿ ತಂತ್ರಜ್ಞರ ಚೀಲದಲ್ಲಿ ಸದಾ ಒಂದು ಮಲ್ಟಿಮೀಟರ್ ಇರುತ್ತದೆ. ಅದನ್ನು ಆ ಹುಡುಗಿಯ ಕೈಗೆ ಕೊಟ್ಟೆವು. ಕಂಟ್ರೋಲರಿನಿಂದ ಬ್ಯಾಟರಿಗೆ ತಂತಿ ಹೊರಡುವ ಕಡೆ ಅಳೆದಾಗ 14.4 ವೋಲ್ಟ್. ಓಡಿಹೋಗಿ ಜಗಲಿಯಲ್ಲಿ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ 13.4 ವೋಲ್ಟ್. "ಮೀಟರ್ ಹಾಳಾಗಿದೆಯಾ ಸರ್?" ಎಂದು ಕೇಳಿದಳು. ಮೀಟರ್ ಸರಿಯಾಗಿಯೇ ಇತ್ತು. ಮತ್ತೆ ಓಡಿದಳು, ಮತ್ತೆ ಅದೇ ಅಂಕಿ. ಒಂದೇ ತಂತಿಯ ಎರಡು ತುದಿಗಳ ನಡುವೆ ಒಂದು ಪೂರ್ತಿ ವೋಲ್ಟ್ ಕಾಣೆಯಾಗಿತ್ತು. ಆಮೇಲೆ ಮೀಟರನ್ನು ಆಂಪಿಯರಿಗೆ ಬದಲಿಸಿ, ತಂತಿಯ ದಾರಿಯಲ್ಲಿ ಸರಣಿಯಾಗಿ ಸೇರಿಸಿ ನೋಡಿದೆವು. ಪ್ರವಾಹ 2.5 ಆಂಪಿಯರ್. ಆ ಬಿಸಿಲಿನಲ್ಲಿ ಆ ಪ್ಯಾನೆಲ್ ಸುಮಾರು 5.5 ಆಂಪಿಯರ್ ಕೊಡಬಲ್ಲದು.

ಇಲ್ಲಿ ನೀವು ಒಂಬತ್ತು, ಹತ್ತನೇ ತರಗತಿಯಲ್ಲೇ ಕಲಿತ ಓಮನ ನಿಯಮ ಬರುತ್ತದೆ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ. ಕಳೆದುಹೋದ 1 ವೋಲ್ಟನ್ನು 2.5 ಆಂಪಿಯರಿನಿಂದ ಭಾಗಿಸಿ. 0.4 ಓಮ್. ಇದು ತಂತಿಯ ರೋಧ. ಹುಡುಗಿ ಒಂದು ಮದುವೆ ಕರೆಯೋಲೆಯ ಬೆನ್ನ ಮೇಲೆ ಈ ಲೆಕ್ಕ ಬರೆದಳು. ಜಾರ್ಜ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯರಾಗಿದ್ದಾಗ ಬೇರೆ ಬೇರೆ ಉದ್ದದ ತಂತಿಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗಗಳಿಂದಲೇ ಈ ನಿಯಮ ಹುಟ್ಟಿತು. ಅವರ ಪುಸ್ತಕ ಬಂದದ್ದು 1827ರಲ್ಲಿ. ನಮ್ಮ ಪಠ್ಯಪುಸ್ತಕಗಳ ಲೆಕ್ಕಗಳಲ್ಲಿ ಮಾತ್ರ ತಂತಿಗೆ ರೋಧವೇ ಇಲ್ಲವೆಂಬಂತೆ ಒಂದು ಗೆರೆ ಎಳೆದುಬಿಡುತ್ತೇವೆ. ದೀಪಕ್ಕೆ ರೋಧ ಉಂಟು, ಗೆರೆಗೆ ಇಲ್ಲ! ಆ ಗೆರೆಯನ್ನೇ ನಂಬಿ ಬೆಳೆದವರು ಮನೆಗೆ ತಂತಿ ಎಳೆದರೆ ಹೀಗಾಗುತ್ತದೆ.

0.4 ಓಮ್ ಎಲ್ಲಿಂದ ಬಂತು ಎಂದು ನೋಡೋಣ. ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 0.0172 ಓಮ್ ರೋಧ. ನಾವು ಕೊಳ್ಳುವುದು ಹಲವು ಎಳೆ ಹೊಸೆದ ತಂತಿ. ಬಿಸಿಲಿಗೆ ತಾಮ್ರ ಬಿಸಿಯಾದಷ್ಟೂ ರೋಧ ಹೆಚ್ಚುತ್ತದೆ. ಆದ್ದರಿಂದ 0.02 ಓಮ್ ಎಂದು ಇಟ್ಟುಕೊಳ್ಳಿ, ನೆನಪಿಗೂ ಸುಲಭ. ಉದ್ದ ಹೆಚ್ಚಿದರೆ ರೋಧ ಅದೇ ಪ್ರಮಾಣದಲ್ಲಿ ಹೆಚ್ಚು, ಅಡ್ಡಕೊಯ್ತ ಹೆಚ್ಚಿದರೆ ಅದೇ ಪ್ರಮಾಣದಲ್ಲಿ ಕಡಿಮೆ. ಆ ಮನೆಯ ತಂತಿ 2.5 ಚದರ ಮಿಲಿಮೀಟರಿನದು. ಮೀಟರಿಗೆ 0.02ನ್ನು 2.5ರಿಂದ ಭಾಗಿಸಿದರೆ 0.008 ಓಮ್. ದೂರ 25 ಮೀಟರ್. ಗುಣಿಸಿದರೆ 0.2 ಓಮ್ ಮಾತ್ರ ಬರುತ್ತದೆ, 0.4 ಅಲ್ಲ. ಉಳಿದರ್ಧ ಎಲ್ಲಿ?

ನಮ್ಮ ಧ್ವನಿ ತಂತ್ರಜ್ಞರೂ ಇಲ್ಲಿ ಒಂದು ಕ್ಷಣ ತಡವರಿಸಿದರು. ವಿದ್ಯುತ್ ಹೋದರೆ ಸಾಲದು, ಹಿಂತಿರುಗಿಯೂ ಬರಬೇಕು. ಕೆಂಪು ತಂತಿಯಲ್ಲಿ 25 ಮೀಟರ್, ಕಪ್ಪು ತಂತಿಯಲ್ಲಿ ಮತ್ತೆ 25 ಮೀಟರ್. ಲೆಕ್ಕಕ್ಕೆ ಬರುವ ಉದ್ದ 50 ಮೀಟರ್. 50ನ್ನು 0.008ರಿಂದ ಗುಣಿಸಿ, 0.4 ಓಮ್ ಸರಿಯಾಗಿ ಬಂತು. ತಂತಿ ಆರಿಸುವವರು ಮಾಡುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಈ ಹಿಂತಿರುಗುವ ದಾರಿಯನ್ನು ಮರೆಯುವುದು.

ಹಾಗಾದರೆ ಆ ಹಸಿರು ದೀಪ ಸುಳ್ಳು ಹೇಳುತ್ತಿತ್ತೇ? ಇಲ್ಲ, ತನ್ನ ಮುಂದೆ ಕಂಡದ್ದನ್ನು ಹೇಳುತ್ತಿತ್ತು. ಸೀಸ ಆಮ್ಲದ ಹನ್ನೆರಡು ವೋಲ್ಟ್ ಬ್ಯಾಟರಿಯನ್ನು ಪೂರ್ತಿ ತುಂಬಿಸಲು ಅದರ ತುದಿಗಳಲ್ಲಿ ಸುಮಾರು 14.4 ವೋಲ್ಟ್ ಬರಬೇಕು. ಕಂಟ್ರೋಲರ್ ತನ್ನ ತುದಿಯಲ್ಲಿ 14.4 ಕಂಡ ಕೂಡಲೇ 'ಸಾಕು' ಎಂದು ಪ್ರವಾಹವನ್ನು ಹಿಡಿಯಲು ಶುರು ಮಾಡುತ್ತದೆ. ಆದರೆ ಅದು ಕೂತಿರುವುದು ಬ್ಯಾಟರಿಯಿಂದ 25 ಮೀಟರ್ ದೂರದ ಕಂಬದ ಮೇಲೆ. ಬ್ಯಾಟರಿ 13.4ರಲ್ಲಿದ್ದಾಗಲೂ, ತಂತಿ ತಿನ್ನುವ ಒಂದು ವೋಲ್ಟ್ ಸೇರಿ ಕಂಟ್ರೋಲರಿಗೆ 14.4 ಕಾಣುತ್ತದೆ. ಪಕ್ಕದ ಊರಿನ ಕೆರೆ ತುಂಬಿತೋ ಇಲ್ಲವೋ ಎಂದು ನಮ್ಮ ಮನೆಯ ಕಾಲುವೆ ನೋಡಿ ಹೇಳಿದ ಹಾಗೆ. ಬ್ಯಾಟರಿ 13.9ಕ್ಕೆ ಏರಿದರೆ ಉಳಿಯುವ ವ್ಯತ್ಯಾಸ ಅರ್ಧ ವೋಲ್ಟ್, ಅದನ್ನು 0.4 ಓಮಿನಿಂದ ಭಾಗಿಸಿದರೆ 1.25 ಆಂಪಿಯರ್ ಮಾತ್ರ. ತುಂಬುತ್ತಾ ಹೋದಂತೆ ಹರಿವು ಹನಿಯಾಗುತ್ತದೆ. ಅಷ್ಟರಲ್ಲಿ ಮೂರು ಗಂಟೆ, ಗುಡ್ಡದ ನೆರಳು ಅಂಗಳಕ್ಕೆ ಬರುತ್ತದೆ. ದಿನವೂ ಅರೆಹೊಟ್ಟೆ.

ಅರೆಹೊಟ್ಟೆಯ ಬ್ಯಾಟರಿಗೆ ಏನಾಗುತ್ತದೆ? ವಿದ್ಯುತ್ ಕೊಡುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಪೂರ್ತಿ ಚಾರ್ಜ್ ಆದಾಗ ಕರಗಿ ಹೋಗುತ್ತದೆ. ಪೂರ್ತಿ ಚಾರ್ಜ್ ಆಗದೆ ದಿನಗಟ್ಟಲೆ ಉಳಿದರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಅಷ್ಟು ಭಾಗ ಫಲಕ ಸತ್ತಂತೆ. ಎರಡು ಬ್ಯಾಟರಿ ನುಂಗಿದ್ದು ಪ್ಯಾನೆಲ್ ಅಲ್ಲ, ತೆಳು ತಂತಿ ಮತ್ತು ತಪ್ಪು ಜಾಗದಲ್ಲಿ ಕೂತ ಕಂಟ್ರೋಲರ್. ತಂತಿಯಲ್ಲಿ ಉಳಿಸಿದ ಹಣ ಬ್ಯಾಟರಿಯಲ್ಲಿ ಎರಡು ಸಲ ಹೋಗಿತ್ತು. ಅದು ಅಡಿಕೆ ಮಾರಿದ ದುಡ್ಡು.

ಪರಿಹಾರ ಎರಡು ಹೆಜ್ಜೆಯದು. ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ. ಕಂಟ್ರೋಲರನ್ನು ಕಂಬದಿಂದ ಇಳಿಸಿ ಜಗಲಿಗೆ ತಂದು, ಬ್ಯಾಟರಿಯಿಂದ ಒಂದು ಮೀಟರಿನೊಳಗೆ ಗೋಡೆಗೆ ಹೊಡೆಯುವುದು. ಈಗ ಅದು ನೋಡುವುದು ಬ್ಯಾಟರಿಯ ನಿಜವಾದ ವೋಲ್ಟೇಜನ್ನೇ. ಉದ್ದದ ತಂತಿ ಈಗ ಪ್ಯಾನೆಲ್ ಮತ್ತು ಕಂಟ್ರೋಲರಿನ ನಡುವೆ ಬರುತ್ತದೆ. ಅಷ್ಟಕ್ಕೇ ಬಿಡಬಹುದಿತ್ತೇ? ಲೆಕ್ಕ ಹಾಕಿದೆವು. ಪೂರ್ತಿ ಪ್ರವಾಹ 5.5 ಆಂಪಿಯರ್ ಹರಿದರೆ ಹಳೆಯ ತಂತಿಯಲ್ಲಿ ನಷ್ಟ 2.2 ವೋಲ್ಟ್. ಬ್ಯಾಟರಿಗೆ 14.4 ಬೇಕಾದರೆ ಪ್ಯಾನೆಲ್ 16.6 ಕೊಡಬೇಕು. ಪ್ಯಾನೆಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ 18 ವೋಲ್ಟ್ ಎಂದಿದೆಯಲ್ಲ, ಸಾಕಲ್ಲ ಎನ್ನುತ್ತೀರಿ. ಆ 18 ವೋಲ್ಟ್ ಪ್ಯಾನೆಲಿನ ಕೋಶಗಳು 25 ಡಿಗ್ರಿ ಉಷ್ಣತೆಯಲ್ಲಿರುವಾಗಿನ ಮಾತು. ಬಿಸಿಲಿಗೆ ಕಾದ ಪ್ಯಾನೆಲಿನ ಕೋಶಗಳು 60 ಡಿಗ್ರಿಯ ಹತ್ತಿರ ಹೋಗುತ್ತವೆ, ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.4ರಂತೆ ಆ ವೋಲ್ಟೇಜ್ ಇಳಿಯುತ್ತದೆ. ಉಳಿಯುವುದು ಸುಮಾರು 15.5. ಅದಕ್ಕಿಂತ ಹೆಚ್ಚು ವೋಲ್ಟ್ ಕೇಳಿದರೆ ಪ್ಯಾನೆಲ್ ಪ್ರವಾಹವನ್ನು ಕಡಿಮೆ ಮಾಡುತ್ತದೆ.

ಆದ್ದರಿಂದ ಎರಡನೆಯ ಹೆಜ್ಜೆ, ತಂತಿಯನ್ನೇ ಬದಲಿಸುವುದು. 6 ಚದರ ಮಿಲಿಮೀಟರಿನ ತಂತಿಯಾದರೆ ರೋಧ 50 ಗುಣಿಸು 0.02 ಭಾಗಿಸು 6, ಅಂದರೆ 0.167 ಓಮ್. ನಷ್ಟ 0.9 ವೋಲ್ಟ್. 14.4ಕ್ಕೆ 0.9 ಕೂಡಿಸಿದರೆ 15.3, ಕಾದ ಪ್ಯಾನೆಲಿನ ಮಿತಿಯೊಳಗೆ ಬಂತು. 10 ಚದರ ಮಿಲಿಮೀಟರ್ ಹಾಕಿದ್ದರೆ ಇನ್ನೂ ಚೆಂದ, ಆದರೆ ಬೆಲೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ, ಈ ಮನೆಗೆ ಅದರಿಂದ ಸಿಗುವ ಲಾಭ ಅಲ್ಪ. ತಂತಿ ದಪ್ಪವಾದಷ್ಟೂ ಒಳ್ಳೆಯದು ಎನ್ನುವುದೂ ಒಂದು ಬಗೆಯ ಸೋಮಾರಿತನವೇ. ಬಿಚ್ಚಿದ ಹಳೆಯ ತಂತಿಯನ್ನು ಹಿರಿಯರು ಎಸೆಯಲಿಲ್ಲ. ಮನೆಯೊಳಗೆ ದೀಪಗಳಿಗೆ ಹೋಗುವ ನಾಲ್ಕೈದು ಮೀಟರ್ ದಾರಿಗೆ ಅದು ಬೇಕಾದಷ್ಟಾಯಿತು.

ಇನ್ನೊಂದು ಉಪಾಯ ನಿಮಗೆ ಹೊಳೆದಿರಬಹುದು. ಬ್ಯಾಟರಿಯನ್ನೇ ಕಂಬದ ಬುಡಕ್ಕೆ ಒಯ್ದರೆ? ದೀಪಗಳಿಗೆ ಬೇಕಾದ್ದು ಹದಿನೈದು ವ್ಯಾಟ್, ಅಂದರೆ 1.25 ಆಂಪಿಯರ್ ಮಾತ್ರ, ಉದ್ದದ ತಂತಿಯಲ್ಲಿ ನಷ್ಟ ಅರ್ಧ ವೋಲ್ಟ್. ಲೆಕ್ಕಕ್ಕೆ ಬುದ್ಧಿವಂತಿಕೆಯ ಉಪಾಯವೇ. ಆದರೆ ಮಲೆನಾಡಿನ ಆಷಾಢದ ಮಳೆಯಲ್ಲಿ ಬಯಲಲ್ಲಿ ಬ್ಯಾಟರಿ ಇಡುವುದು ಯಾರಿಗೆ ಬೇಕು?

ಈಗ ನೀವೇ ಯಾವ ಮನೆಗೆ ಬೇಕಾದರೂ ಬಳಸಬಹುದಾದ ಸೂತ್ರ ಬರೆದುಕೊಳ್ಳಿ. ದೂರದ ಎರಡರಷ್ಟನ್ನು ಪ್ರವಾಹದಿಂದ ಗುಣಿಸಿ, 0.02ರಿಂದ ಗುಣಿಸಿ, ನೀವು ಕಳೆದುಕೊಳ್ಳಲು ಸಿದ್ಧವಿರುವ ವೋಲ್ಟಿನಿಂದ ಭಾಗಿಸಿ. ಬರುವುದು ಚದರ ಮಿಲಿಮೀಟರಿನಲ್ಲಿ ತಂತಿಯ ಅಡ್ಡಕೊಯ್ತ. ಎಷ್ಟು ವೋಲ್ಟ್ ಕಳೆದುಕೊಳ್ಳಬಹುದು? ಸಾಮಾನ್ಯವಾಗಿ ನೂರಕ್ಕೆ ಮೂರು ಎಂದು ಇಟ್ಟುಕೊಳ್ಳುತ್ತಾರೆ. ಹನ್ನೆರಡು ವೋಲ್ಟಿನಲ್ಲಿ ನೂರಕ್ಕೆ ಮೂರು ಎಂದರೆ 0.36 ವೋಲ್ಟ್. ಆ ಮನೆಯ ಪ್ಯಾನೆಲಿನಲ್ಲಿ ಕೈಗೆ ಉಳಿಕೆ ಇದ್ದುದರಿಂದ ನಾವು ಹೆಚ್ಚು ಬಿಟ್ಟುಕೊಟ್ಟೆವು. ಬ್ಯಾಟರಿಯಿಂದ ದೀಪಕ್ಕೆ ಹೋಗುವ ದಾರಿಯಲ್ಲಿ ಅಷ್ಟು ಧಾರಾಳ ಬೇಡ.

ಸಾಮಾನ್ಯ ಮನೆಯ 230 ವೋಲ್ಟಿನಲ್ಲಿ ಈ ಕಷ್ಟ ಏಕೆ ಕಾಣುವುದಿಲ್ಲ? ಅದೇ 2.5ರ ತಂತಿ, ಅದೇ 25 ಮೀಟರ್, ನೂರು ವ್ಯಾಟಿನ ಹೊರೆ ಎಂದುಕೊಳ್ಳಿ. ಹನ್ನೆರಡು ವೋಲ್ಟಿನಲ್ಲಿ 8.3 ಆಂಪಿಯರ್ ಬೇಕು, ನಷ್ಟ 3.3 ವೋಲ್ಟ್, ಅಂದರೆ ಕಾಲುಭಾಗಕ್ಕೂ ಹೆಚ್ಚು. 230 ವೋಲ್ಟಿನಲ್ಲಿ ಬೇಕಾದ್ದು 0.43 ಆಂಪಿಯರ್, ನಷ್ಟ 0.17 ವೋಲ್ಟ್. ಇದ್ದೂ ಇಲ್ಲದಂತೆ. ವೋಲ್ಟೇಜನ್ನು ಎರಡರಷ್ಟು ಮಾಡಿದರೆ ಪ್ರವಾಹ ಅರ್ಧವಾಗುತ್ತದೆ, ಬಿಟ್ಟುಕೊಡಬಹುದಾದ ವೋಲ್ಟ್ ಎರಡರಷ್ಟಾಗುತ್ತದೆ. ಆದ್ದರಿಂದ ತಾಮ್ರ ನಾಲ್ಕನೇ ಒಂದು ಭಾಗ ಸಾಕು. ದೊಡ್ಡ ಸೌರ ವ್ಯವಸ್ಥೆಗಳನ್ನು 24 ಅಥವಾ 48 ವೋಲ್ಟಿಗೆ ಕಟ್ಟುವುದು ಇದಕ್ಕಾಗಿಯೇ.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರ ತೆರೆದಾಗ ಎದುರಾದದ್ದೂ ಈ ಅಂಗಳದ ಸಮಸ್ಯೆಯೇ. 110 ವೋಲ್ಟಿನ ನೇರ ವಿದ್ಯುತ್ ಪ್ರವಾಹವನ್ನು ಆಸುಪಾಸಿನ ಬೀದಿಗಳಾಚೆಗೆ ಒಯ್ಯಲು ಹೋದರೆ ತಾಮ್ರದ ಖರ್ಚು ತಡೆಯುತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ನೂರ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ವಿದ್ಯುತ್ ಹೋಯಿತು. ಅಲ್ಲಿ ಬಳಸಿದ್ದು ಪರ್ಯಾಯ ಪ್ರವಾಹ. ಅದರ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಹತ್ತಾರು ಸಾವಿರಕ್ಕೆ ಏರಿಸಿ, ಪ್ರವಾಹವನ್ನು ಇಳಿಸಿದ್ದರಿಂದಲೇ ಅಷ್ಟು ದೂರ ಸಾಧ್ಯವಾಯಿತು.

ಇನ್ನು ಅಂಗಡಿಗೆ ಹೋಗೋಣ. "ಈ ವೈರ್ ಇಪ್ಪತ್ತು ಆಂಪಿಯರ್ ತಡೀತದೆ, ನಿಮ್ಮದು ಐದೇ ಅಲ್ವಾ, ಧಾರಾಳ ಆಯ್ತು" ಎಂದು ಅಂಗಡಿಯವರು ಹೇಳುತ್ತಾರೆ. ಅವರು ಹೇಳುವುದು ನಿಜ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ತಂತಿ ಬಿಸಿಯಾಗಿ ಹೊದಿಕೆ ಕರಗದಂತೆ ಎಷ್ಟು ಪ್ರವಾಹ ತಡೆಯುತ್ತದೆ ಎನ್ನುವುದು ಒಂದು. ಉದ್ದದ ದಾರಿಯಲ್ಲಿ ಎಷ್ಟು ವೋಲ್ಟ್ ತಿನ್ನುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಕೇಳಿ, ಯಾವ ಉತ್ತರ ದಪ್ಪವೋ ಅದನ್ನು ಕೊಳ್ಳಿ. ಹಳೆಯ ಎಲೆಕ್ಟ್ರಿಷಿಯನ್ನರು ಇಂದಿಗೂ 'ತ್ರೀ ಟ್ವೆಂಟಿ', 'ಸೆವೆನ್ ಟ್ವೆಂಟಿ' ಎನ್ನುವುದುಂಟು. ಮೊದಲನೆಯ ಅಂಕಿ ಎಳೆಗಳ ಸಂಖ್ಯೆ, ಎರಡನೆಯದು ಪ್ರತಿ ಎಳೆಯ ಗೇಜ್. ಗೇಜಿನ ಅಂಕಿ ಹೆಚ್ಚಿದಷ್ಟೂ ಎಳೆ ತೆಳು. ಸೆವೆನ್ ಟ್ವೆಂಟಿ ಎಂದರೆ ಸುಮಾರು 4.6 ಚದರ ಮಿಲಿಮೀಟರ್. ಹೊರಗಿನ ಪ್ಲಾಸ್ಟಿಕ್ ದಪ್ಪ ನೋಡಿ ಮೋಸ ಹೋಗಬೇಡಿ, ಅಳತೆ ಇರುವುದು ತಾಮ್ರಕ್ಕೆ. ಅಲ್ಯೂಮಿನಿಯಂ ಅಗ್ಗ, ಆದರೆ ಅದರ ರೋಧ ತಾಮ್ರದ ಒಂದೂವರೆಗೂ ಮೀರಿದ್ದು, ಕೀಲುಗಳೂ ಬೇಗ ಕಿಲುಬುತ್ತವೆ. ಹಾಗೆಯೇ 'ಮುಂದೆ ಬೇಕಾದೀತು' ಎಂದು ಹತ್ತು ಮೀಟರ್ ಹೆಚ್ಚು ತಂತಿಯನ್ನು ಸುರುಳಿ ಸುತ್ತಿ ಗೋಡೆಗೆ ನೇತುಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಸುರುಳಿಯಲ್ಲಿರುವ ತಂತಿಯೂ ತನ್ನ ಪಾಲು ತಿನ್ನುತ್ತದೆ. ಕತ್ತರಿಸಿ.

ಇಲ್ಲಿಯವರೆಗೆ ಉದ್ದದ ಕಾಟ. ಕೆಲವು ಕಡೆ ಉದ್ದ ಗಿಡ್ಡದ್ದೇ, ಪ್ರವಾಹ ದೊಡ್ಡದು. ಮಿಕ್ಸಿ, ಟಿವಿ ನಡೆಸಲು ಹನ್ನೆರಡು ವೋಲ್ಟಿನ ಬ್ಯಾಟರಿಗೆ 500 ವ್ಯಾಟಿನ ಇನ್ವರ್ಟರ್ ಹಾಕಿದಿರಿ ಎನ್ನಿ. ಅದರೊಳಗಿನ ನಷ್ಟ ಸೇರಿ ಸುಮಾರು 46 ಆಂಪಿಯರ್ ಹರಿಯುತ್ತದೆ. ದೂರ ಎರಡೇ ಮೀಟರ್. ಅಲ್ಲಿ 4 ಚದರ ಮಿಲಿಮೀಟರಿನ ತಂತಿ ಹಾಕಿದರೆ ಸುಮಾರು 0.9 ವೋಲ್ಟ್ ಹೋಗುತ್ತದೆ. ಅದಕ್ಕಿಂತ ಮುಖ್ಯ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ ನೋಡಿ, ತಂತಿಯಲ್ಲೇ 42 ವ್ಯಾಟ್ ಶಾಖ. ಒಂದು ಬೆಸುಗೆ ಕಡ್ಡಿಯಷ್ಟು ಬಿಸಿ ನಿಮ್ಮ ಗೋಡೆಯ ಮೇಲೆ. ಇಲ್ಲಿ 16 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ.

ಬ್ಯಾಟರಿಯ ಬಗ್ಗೆ ಒಂದು ಎಚ್ಚರಿಕೆ. ಹನ್ನೆರಡು ವೋಲ್ಟ್ ಮುಟ್ಟಿದರೆ ಷಾಕ್ ಹೊಡೆಯುವುದಿಲ್ಲ, ಆದ್ದರಿಂದ ಅದು ಸಾಧು ಎಂದು ಹಲವರು ನಂಬಿದ್ದಾರೆ. ಅದರ ಎರಡು ತುದಿಗಳಿಗೆ ಅಡ್ಡವಾಗಿ ಒಂದು ಸ್ಪ್ಯಾನರ್ ಬಿದ್ದರೆ ಹರಿಯುವ ಪ್ರವಾಹ ಸಾವಿರ ಆಂಪಿಯರನ್ನೂ ಮೀರಬಹುದು. ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ತಂತಿಯಲ್ಲಿ ಶಾರ್ಟ್ ಆದರೂ ಅಷ್ಟೇ. ಇಲಿ, ಅಳಿಲು ತಂತಿಯ ಹೊದಿಕೆ ಕಡಿಯುವುದು ತೋಟದ ಮನೆಯಲ್ಲಿ ಹೊಸ ಸುದ್ದಿಯಲ್ಲ. ಅದಕ್ಕೆ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸಿನ ಅಂಕಿ ಸಾಮಾನ್ಯವಾಗಿ ಹರಿಯುವ ಪ್ರವಾಹಕ್ಕಿಂತ ಹೆಚ್ಚು, ತಂತಿ ತಡೆಯುವ ಪ್ರವಾಹಕ್ಕಿಂತ ಕಡಿಮೆ. ಅದು ಕಾಯುವುದು ದೀಪವನ್ನಲ್ಲ, ತಂತಿಯನ್ನು. ನಮ್ಮ ಮಲೆನಾಡಿನ ಮನೆಯಲ್ಲಿ ಬ್ಯಾಟರಿ ಮತ್ತು ಕಂಟ್ರೋಲರಿನ ನಡುವೆ ಹತ್ತು ಆಂಪಿಯರಿನದು ಹಾಕಿದೆವು. ಸ್ವಿಚ್ಚು, ಫ್ಯೂಸು ಕೊಳ್ಳುವಾಗ ಡಿಸಿಗೆ ಎಂದು ಕೇಳಿ ಕೊಳ್ಳಿ. ಮನೆಯ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನಾಗಿ ಆರುತ್ತದೆ. ನೇರ ಪ್ರವಾಹಕ್ಕೆ ಆ ಬಿಡುವಿಲ್ಲ.

ತಂತಿ ಬದಲಿಸಿದ ಮೂರನೆಯ ದಿನ ಹಿರಿಯರು ಫೋನ್ ಮಾಡಿದ್ದರು. ಮಧ್ಯಾಹ್ನ ಎರಡಕ್ಕೆ ಬ್ಯಾಟರಿಯ ತುದಿಯಲ್ಲಿ 14.4 ಬಂದಿದೆ ಎಂದು ಮೊಮ್ಮಗಳು ಹಿಂದಿನಿಂದ ಕೂಗುತ್ತಿದ್ದಳು. ದೀಪ ಹನ್ನೊಂದರವರೆಗೆ ಉರಿದಿತ್ತಂತೆ. "ಈಗ ಇವಳನ್ನು ಮಲಗಿಸುವುದೇ ಕಷ್ಟ" ಎಂದರು. ಮಲ್ಟಿಮೀಟರ್ ನಮ್ಮ ಚೀಲಕ್ಕೆ ವಾಪಸ್ಸು ಬರಲಿಲ್ಲ.

ನಿಮಗೊಂದು ಲೆಕ್ಕ. ಅದೇ ಮನೆಯ ಕೊಟ್ಟಿಗೆ ಬ್ಯಾಟರಿಯಿಂದ 18 ಮೀಟರ್ ದೂರ. ಅಲ್ಲಿ ಹನ್ನೆರಡು ವೋಲ್ಟಿನ, 9 ವ್ಯಾಟಿನ ಎರಡು ಎಲ್‌ಇಡಿ ದೀಪ ಹಾಕಬೇಕು. 0.36 ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. ತಂತಿ ಯಾವುದು? ಸೂತ್ರದಲ್ಲಿ ಸರಿಯಾಗಿ ಹಾಕಿದರೆ 3 ಚದರ ಮಿಲಿಮೀಟರ್ ಬರಬೇಕು. 1.5 ಬಂದಿದ್ದರೆ ಹಿಂತಿರುಗುವ ತಂತಿಯನ್ನು ಮರೆತಿದ್ದೀರಿ. ಅಂಗಡಿಯಲ್ಲಿ 2.5 ಆದ ಮೇಲೆ ಸಿಗುವುದು 4. ಅದನ್ನೇ ಕೇಳಿ.